ತೀರ್ಪುಗಾರರಿಗೆ ಗೋಧಿ ಹುಗ್ಗಿ ಬಡಿಸಬಾರದು

ಬೇರೆಯವರ ತಪ್ಪು ಒಪ್ಪು ತೂಗುವ ಕುರ್ಚಿಯಲ್ಲಿ ಕೂರುವ ಆಸೆ ಯಾರಿಗಿಲ್ಲ ಹೇಳಿ? ಬಸ್ಸಿನಲ್ಲಿ ಇಬ್ಬರು ಕಿಟಕಿ ಸೀಟಿಗೆ ಜಗಳವಾಡಿದರೆ ಮೂರನೆಯವನು ತಾನಿಳಿಯುವ ಊರನ್ನೂ ಮರೆತು ಪಂಚಾಯಿತಿಗೆ ನಿಲ್ಲುತ್ತಾನೆ. ನನಗಂತೂ ಆ ಚಪಲ ತುಸು ಜಾಸ್ತಿಯೇ. ನ್ಯಾಮತಿಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ, ಮನೆ ಹೊನ್ನಾಳಿಯಲ್ಲಿ. ತರಗತಿಯಲ್ಲಿ ನನ್ನ ಮಾತಿಗೆ ಯಾರೂ ಕಿವಿಗೊಡುವುದಿಲ್ಲವಾದ್ದರಿಂದ, ಸುತ್ತಲ ತಾಲ್ಲೂಕುಗಳಲ್ಲಿ ರಂಗೋಲಿ ಸ್ಪರ್ಧೆಯಿಂದ ಹಿಡಿದು ಚರ್ಚಾಸ್ಪರ್ಧೆಯವರೆಗೆ ಯಾರು ಕರೆದರೂ ತೀರ್ಪುಗಾರನಾಗಿ ಹೋಗಿಬಿಡುತ್ತೇನೆ. ರಂಗೋಲಿಯ ಬಗ್ಗೆ ನನಗೆ ಗೊತ್ತಿರುವುದು ಅದನ್ನು ತುಳಿಯಬಾರದು ಎಂಬುದೊಂದೇ. ಆದರೂ ರಟ್ಟಿಗೆ ಅಂಕಪಟ್ಟಿ ಸಿಕ್ಕಿಸಿಕೊಂಡು, ಹುಬ್ಬು ಗಂಟಿಕ್ಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಸಾಕು, ಜನ ನಂಬುತ್ತಾರೆ. ತೀರ್ಪು ಹೇಳುವ ಯೋಗ್ಯತೆ ನಿನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಹೀಗಿರುವಾಗ ಚನ್ನಗಿರಿಯ ಸಂಘವೊಂದರಿಂದ ಕರೆ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಾಲೇಜು ಮಕ್ಕಳಿಗೆ ಚರ್ಚಾಸ್ಪರ್ಧೆ. ಮೊದಲ ಸ್ಥಾನ ಬಂದವರು ಮಾತ್ರ ಶೀಲ್ಡ್ ಹಿಡಿದು ವಿಭಾಗ ಮಟ್ಟಕ್ಕೆ ಹೋಗುತ್ತಾರೆ; ಉಳಿದವರಿಗೆ ಸ್ಟೀಲ್ ಡಬ್ಬಿ. ವಿಷಯ, 'ಅಂತರರಾಷ್ಟ್ರೀಯ ಮಾನವ ಹಕ್ಕು ನ್ಯಾಯಾಲಯಗಳಿಂದ ಪ್ರಯೋಜನವಿಲ್ಲ'. ಓದಿ ನಗು ಬಂತು. ಯುರೋಪಿನವರಿಗೆ ಇಂಥದ್ದೊಂದು ನ್ಯಾಯಾಲಯವಿದೆ, ಆಫ್ರಿಕಾದವರಿಗೆ ಇದೆ, ಅಮೆರಿಕ ಖಂಡದವರಿಗೂ ಇದೆ. ಏಷ್ಯಾದವರಾದ ನಮಗೆ ಮಾತ್ರ ಇಲ್ಲ. ನಮಗಿಲ್ಲದ ಕೋರ್ಟಿನಿಂದ ಪ್ರಯೋಜನವಿಲ್ಲ ಎಂದು ಚನ್ನಗಿರಿಯಲ್ಲಿ ಕೂತು ತೀರ್ಮಾನಿಸುವುದೆಂದರೆ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ, ಅದು ಬಿಗಿಯಾಯಿತೆಂದು ದರ್ಜಿಯನ್ನು ಬಯ್ದ ಹಾಗೆ.

ಪಾಠದಲ್ಲಿ ನಾನೂ ಈ ಕೋರ್ಟುಗಳನ್ನು ಸಾಕಷ್ಟು ಗೇಲಿ ಮಾಡಿದವನೇ. ಅಲ್ಲಿ ಭವ್ಯ ಕಟ್ಟಡವಿದೆ, ಕರಿ ನಿಲುವಂಗಿ ತೊಟ್ಟ ನ್ಯಾಯಾಧೀಶರಿದ್ದಾರೆ, ತಲೆದಿಂಬಿನಷ್ಟು ದಪ್ಪದ ತೀರ್ಪುಗಳಿವೆ. ಇಲ್ಲದಿರುವುದು ಒಬ್ಬ ಕಾನ್‌ಸ್ಟೇಬಲ್ ಮಾತ್ರ. ಒಂದು ದೇಶ 'ನಿಮ್ಮ ತೀರ್ಪು ನೀವೇ ಇಟ್ಟುಕೊಳ್ಳಿ' ಎಂದರೆ ಇವರು ಬೇಸರದಿಂದ ಇನ್ನೊಂದು ತೀರ್ಪು ಬರೆಯಬೇಕಷ್ಟೆ. ಬಡ ದೇಶಗಳಿಗೆ ಬುದ್ಧಿ ಹೇಳುವಷ್ಟು ಸುಲಭವಾಗಿ ದೊಡ್ಡ ದೇಶಗಳಿಗೆ ಹೇಳಲಾಗದು; ಅವು 'ನಾವು ಸಹಿಯೇ ಹಾಕಿಲ್ಲ' ಎಂದು ಎದ್ದು ಹೋಗುತ್ತವೆ. ಎಲ್ಲಕ್ಕಿಂತ ಹಳೆಯ ತಕರಾರು ಇನ್ನೊಂದಿದೆ: ನಮ್ಮ ನೀರು ಕುಡಿಯದ, ನಮ್ಮ ಜನ ಆರಿಸದ ನೀವು ನಮ್ಮ ಮನೆ ವಿಚಾರಕ್ಕೆ ಯಾಕೆ ಬರುತ್ತೀರಿ? ಸೊಸೆಯ ಪರ ಮಾತಾಡಲು ಬಂದ ಪಕ್ಕದ ಮನೆಯಾಕೆಗೆ ಅತ್ತೆ ಕೇಳುವುದೂ ಇದನ್ನೇ.

ಅಂದು ಮೂವರು ತೀರ್ಪುಗಾರರು. ಒಬ್ಬರು ನಿವೃತ್ತ ಹೆಡ್‌ಮಾಸ್ತರು. ಮಕ್ಕಳ ಮನಸ್ಸು ನೋಯಬಾರದೆಂದು ಎಲ್ಲರಿಗೂ ಹತ್ತಕ್ಕೆ ಏಳು ಕೊಡುವುದು ಅವರ ವ್ರತ. ಇನ್ನೊಬ್ಬರು ಬ್ಯಾಂಕ್ ಮ್ಯಾನೇಜರು; ಅವರು ಫೋನಿನಿಂದ ತಲೆ ಎತ್ತದೆ ಹೆಡ್‌ಮಾಸ್ತರ ಅಂಕಪಟ್ಟಿಯನ್ನೇ ನಕಲು ಮಾಡುತ್ತಿದ್ದರು. ಹೀಗಾಗಿ ಯಾರು ಗೆಲ್ಲಬೇಕೆಂಬುದು ಪೂರ್ತಿ ನನ್ನ ಪೆನ್ನಿನ ತುದಿಯಲ್ಲಿತ್ತು. ನಮ್ಮ ಕಾಲೇಜಿನಿಂದ ಯಾರೂ ಬಂದಿರಲಿಲ್ಲವಾದ್ದರಿಂದ ನಾನು ನಿಷ್ಪಕ್ಷಪಾತಿ ಎಂದು ಮೈಕಿನಲ್ಲಿ ಘೋಷಿಸಿ, ಮುಖ್ಯ ತೀರ್ಪುಗಾರನನ್ನಾಗಿ ಮಾಡಿ, ಊಟಕ್ಕೆ ಕೂರಿಸಿದರು. ರೊಟ್ಟಿ, ಎಣ್ಣೆಗಾಯಿ, ಆಮೇಲೆ ಗೋಧಿ ಹುಗ್ಗಿ, ಅದರ ಮೇಲೆ ಹಳ್ಳ ಮಾಡಿ ಸುರಿದ ತುಪ್ಪ. "ಇನ್ನೊಂದು ಸೌಟು ಹಾಕಿಸ್ಕಳ್ರಿ ಸಾರ್, ಮಧ್ಯಾಹ್ನ ನೀವು ತಲೆ ಓಡಿಸಾಕೆ ಬೇಕಲ್ರೀ" ಎಂದು ಸಂಘದ ಕಾರ್ಯದರ್ಶಿ ಒತ್ತಾಯ ಮಾಡಿದರು. ದೊಡ್ಡವರ ಮಾತು ಮೀರಬಾರದೆಂದು ಮೂರು ಸಲ ಹಾಕಿಸಿಕೊಂಡೆ.

ಊಟದ ನಂತರ ಮೊದಲು ವೇದಿಕೆ ಹತ್ತಿದವಳು ಬಿಳಿಚೋಡಿನ ರೇಣುಕಾ. ಜಗಳೂರು ತಾಲ್ಲೂಕಿನಿಂದ ಬಂದಿದ್ದವಳು ಅವಳೊಬ್ಬಳೇ. ಕೋರ್ಟುಗಳು ಬೇಕು ಎಂದು ವಾದಿಸುವವಳು. "ಸಭೆಗೆ ನಮಸ್ಕಾರ" ಎಂದಳು. ನನಗೆ ಅಲ್ಲಿಯವರೆಗೆ ನೆನಪಿದೆ. ಆಮೇಲೆ ಧಡ್ ಎಂದು ಸದ್ದಾಯಿತು. ಬೆಚ್ಚಿ ಕಣ್ಣು ಬಿಟ್ಟರೆ ವೇದಿಕೆಯ ಮೇಲೆ ರೇಣುಕಾ ಇಲ್ಲ, ಹೊನ್ನಾಳಿಯ ಹುಡುಗನೊಬ್ಬ ಡಯಾಸು ಗುದ್ದುತ್ತಾ, "ಇವು ಹಲ್ಲಿಲ್ಲದ ಹಾವುಗಳು! ನಮ್ಮನ್ನು ಕೇಳಲು ಇವರ್ಯಾರು?" ಎಂದು ಗರ್ಜಿಸುತ್ತಿದ್ದ. ಮೇಜಿನ ಮೇಲಿನ ನೀರಿನ ಲೋಟ ಉರುಳಿತು, ಸಭೆ ಚಪ್ಪಾಳೆ ತಟ್ಟಿತು. ಊಟದ ಮೇಲೆ ನಾನು ಎಚ್ಚರವಿದ್ದು ಕೇಳಿದ್ದು ಆ ಭಾಷಣದ ಕೊನೆಯನ್ನಷ್ಟೇ ಆದ್ದರಿಂದ ಧಾರಾಳವಾಗಿ ಒಂಬತ್ತು ಕೊಟ್ಟೆ. ರೇಣುಕಾಳ ಹೆಸರಿನ ಮುಂದೆ ಜಾಗ ಖಾಲಿ ಇತ್ತು. ಆ ಕಡೆ ಈ ಕಡೆ ನೋಡಿ ಆರು ಎಂದು ಬರೆದೆ. ಆರು ಮರ್ಯಾದಸ್ಥರ ಅಂಕ, ಯಾರನ್ನೂ ಹೊಗಳುವುದಿಲ್ಲ, ಯಾರನ್ನೂ ತೆಗಳುವುದಿಲ್ಲ.

ಹೊನ್ನಾಳಿಯ ಹುಡುಗ ಮೊದಲ ಸ್ಥಾನ ಎಂದು ಘೋಷಣೆಯಾಗುತ್ತಲೇ ರೇಣುಕಾಳ ಜೊತೆ ಬಂದಿದ್ದ ತಿಪ್ಪೇಸ್ವಾಮಿ ಮೇಷ್ಟ್ರು ಎದ್ದು ನಿಂತರು. "ಇದ್ಯಾವ ಸೀಮೆ ನ್ಯಾಯ ರೀ ಸಾರ್? ನಿಮ್ಮ ಮನಿ ಹೊನ್ನಾಳ್ಯಾಗೆ ಐತೆ, ಹೊನ್ನಾಳಿ ಹುಡುಗುಗೇ ಫಸ್ಟು! ಈ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು ಎರಡು ಬಸ್ ಹತ್ತಿ ಬಂದೈತೆ. ಗೆದ್ರೆ ಮಾತ್ರ ಮುಂದಕ್ಕೆ ಕಳಿಸ್ತೀನಿ, ಸೋತ್ರೆ ಭಾಷಣ ಗೀಷಣ ಇವತ್ತಿಗೇ ಸಾಕು ಅಂತ ಅವ್ರಪ್ಪ ಹೇಳೈತೆ. ನೀವು ನೋಡಿದ್ರೆ ಊರಭಿಮಾನ ತೋರ್ಸೀರಿ!"

ನನಗೆ ರಕ್ತ ಕುದಿಯಿತು. ಸ್ವಂತ ಅಣ್ಣನ ಮಗಳಿಗೆ ಭಾವಗೀತೆ ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಕೊಟ್ಟು ಎರಡು ವರ್ಷ ಅಣ್ಣನ ಮನೆಯ ಹಬ್ಬದೂಟ ಕಳೆದುಕೊಂಡವನು ನಾನು. ನನ್ನ ಮೇಲೆ ಪಕ್ಷಪಾತದ ಆರೋಪವೇ? ಆ ಹುಡುಗ ಹೊನ್ನಾಳಿಯವನೋ ಹಾಲೆಂಡಿನವನೋ ನಾನು ನೋಡಿರಲೇ ಇಲ್ಲ. ಅದನ್ನು ಸಾಬೀತುಪಡಿಸಲು ನನ್ನ ಹತ್ತಿರ ಒಂದೇ ಒಂದು ಸಾಕ್ಷ್ಯವಿತ್ತು, ನಾನು ನಿದ್ದೆ ಹೋಗಿದ್ದೆ ಎಂಬುದು. ಪ್ರಾಮಾಣಿಕತೆ ಉಳಿಸಿಕೊಳ್ಳಬೇಕೆಂದರೆ ಮರ್ಯಾದೆ ಬಿಡಬೇಕು. ಮರ್ಯಾದೆ ಉಳಿಸಿಕೊಳ್ಳಬೇಕೆಂದರೆ ಕಳ್ಳನೆನಿಸಿಕೊಳ್ಳಬೇಕು. ಅತ್ತ ದರಿ ಇತ್ತ ಪುಲಿ. ಆಗ ರೇಣುಕಾ ತನ್ನ ಮೇಷ್ಟ್ರ ತೋಳು ಹಿಡಿದು ಜಗ್ಗಿದಳು.

"ಇಲ್ರೀ ಸಾರ್, ಸುಮ್ನೆ ಅವ್ರಿಗೆ ಅನ್ಬ್ಯಾಡ್ರಿ. ಅವ್ರು ಪಕ್ಷಪಾತ ಮಾಡಿಲ್ಲ, ನಿದ್ದೆ ಮಾಡಿದ್ರು. ನಾನು ಮೇಲಿಂದ ನೋಡ್ತಿದ್ನಲ್ಲ."

ಸಭೆ ಗೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ನಾನು ಕುರಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದ್ದೆ ಸಾರ್. ಅವು ಎಚ್ಚರ ಇದ್ವು" ಎಂದಳು. ನನ್ನ ಜೀವಮಾನದಲ್ಲಿ ನನ್ನ ಪರವಾಗಿ ಇಷ್ಟು ಬಲವಾದ ಸಾಕ್ಷಿಯನ್ನು ಯಾರೂ ಹೇಳಿರಲಿಲ್ಲ.

ಕಾರ್ಯದರ್ಶಿ ನಿಯಮಾವಳಿ ತೆಗೆದು ಓದಿದರು. ಆಕ್ಷೇಪಣೆ ಇದ್ದವರು ಮುಖ್ಯ ತೀರ್ಪುಗಾರರಿಗೆ ಲಿಖಿತವಾಗಿ ಸಲ್ಲಿಸಬೇಕು. ಅಂದರೆ ನನ್ನ ಮೇಲಿನ ದೂರನ್ನು ನನಗೇ ಕೊಡಬೇಕು. ಅವಳು ಅಲ್ಲೇ ಕೂತು ಆಹ್ವಾನ ಪತ್ರಿಕೆಯ ಹಿಂಭಾಗದಲ್ಲಿ ಎರಡು ಸಾಲು ಬರೆದು ಕೊಟ್ಟಳು: 'ನಾನು ಮಾತನಾಡುವಾಗ ತೀರ್ಪುಗಾರರು ನಿದ್ರಿಸುತ್ತಿದ್ದರು. ನನ್ನ ಮಾತನ್ನು ಒಮ್ಮೆ ಕೇಳಬೇಕು.' ನಾನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಪರಿಶೀಲಿಸುತ್ತೇನೆ" ಎಂದೆ. ತಪ್ಪು ಮಾಡಿದ ಸರ್ಕಾರಗಳೆಲ್ಲ ಬಳಸುವ ಮಾತು ಇದೇ ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಹೊನ್ನಾಳಿಯವರು ಶೀಲ್ಡ್ ಹೊತ್ತುಕೊಂಡು, ಜೈಕಾರ ಹಾಕುತ್ತಾ ಆಟೋ ಹತ್ತಿದ್ದರು.

ಕೊರಳಿಗೆ ಹಾಕಿದ್ದ ಹಾರ, ಹೊದಿಸಿದ್ದ ಶಾಲು ಎಲ್ಲ ಚೀಲಕ್ಕೆ ತುರುಕಿ ಬಸ್ ನಿಲ್ದಾಣಕ್ಕೆ ಬಂದೆ. ಜೇಬಿನೊಳಗಿನ ಕಾಗದ ಎದೆಗೆ ಚುಚ್ಚುತ್ತಿತ್ತು. ದಾವಣಗೆರೆ ಬಸ್ಸಿಗೆ ಕಾಯುತ್ತಾ ರೇಣುಕಾ ಮತ್ತು ಅವಳ ಮೇಷ್ಟ್ರು ಕಲ್ಲು ಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಹೋಗಿ ಎದುರು ನಿಂತು, "ಹೇಳಮ್ಮ, ಈಗ ಕೇಳ್ತೀನಿ" ಎಂದೆ.

"ಇಲ್ಲೇ ಹೇಳ್ಬೇಕಾ ಸಾರ್?"

"ಹೂಂ, ಇಲ್ಲೇ."

ಅವಳು ಮಂಡಕ್ಕಿಯ ಪೊಟ್ಟಣ ಮೇಷ್ಟ್ರ ಕೈಗೆ ಕೊಟ್ಟು ಎದ್ದು, "ಸಭೆಗೆ ನಮಸ್ಕಾರ" ಎಂದೇ ಶುರುಮಾಡಿದಳು. ಸ್ವಲ್ಪ ಹೊತ್ತು ವೇದಿಕೆಯ ಭಾಷೆ ನಡೆಯಿತು. ಬಸ್ಸೊಂದು ಹಾರ್ನ್ ಹೊಡೆದು ತಡೆದ ಮೇಲೆ ಅದನ್ನು ಬಿಟ್ಟು ಬಿಳಿಚೋಡಿನ ಮಾತಿಗಿಳಿದಳು. "ಆ ಕೋರ್ಟಿಗೆ ಪೊಲೀಸ್ ಇಲ್ಲ ಅಂತ ನಗ್ತೀರಿ. ಹೌದು, ಇಲ್ಲ. ನಮ್ಮೂರ ಕಟ್ಟಿ ಮ್ಯಾಲೆ ಕೂರೋ ಹಿರೇರಿಗೆ ಪೊಲೀಸ್ ಬೇಕಾಗೇ ಇಲ್ಲ, ಅವ್ರು ಹೇಳಿದ್ದು ಸಂಜಿ ಒಳಗೆ ಜಾರಿ ಆಗ್ತೈತೆ. ಆದ್ರೆ ಅಲ್ಲಿ ನಿಂದೇನೈತೆ ಹೇಳವ್ವ ಅಂತ ಯಾರೂ ಕೇಳಲ್ಲ. ತೀರ್ಪು ಜಾರಿ ಆಗ್ದಿದ್ರೂ ಆಗ್ಲಿ ರೀ. ಪೂರ್ತಿ ಕೇಳಿ, ಹೌದು ಹಿಂಗಾಗೈತೆ ಅಂತ ಬರೆದು ಸಹಿ ಹಾಕೋರು ಈ ಜಗತ್ತಿನಾಗೆ ಒಂದು ಕಡೆನಾದ್ರೂ ಇರ್ಬೇಕಲ್ಲ?"

ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಪಾಠ ಮಾಡಿದವನಿಗೆ ಈ ಮಾತು ಹೊಳೆದಿರಲಿಲ್ಲ. ಹೊಳೆದವಳು ಹೇಳುವಾಗ ನಾನು ಗೊರಕೆ ಹೊಡೆಯುತ್ತಿದ್ದೆ. ಅವಳ ಬಸ್ಸು ಹೋದ ಮೇಲೆ ಅದೇ ಬೆಂಚಿನ ಮೇಲೆ ಕೂತು ಸಂಘಕ್ಕೆ ಪತ್ರ ಬರೆದೆ. ರೇಣುಕಾ ಮಾತನಾಡುವಾಗ ನಾನು ನಿದ್ರಿಸಿದ್ದು ನಿಜ, ಅವಳ ಅಂಕ ಒಂಬತ್ತೂವರೆ, ಮೊದಲ ಸ್ಥಾನ ಅವಳದು ಎಂದು ಸಹಿ, ತಾರೀಖು ಹಾಕಿ, ಒಂದು ಪ್ರತಿ ನನ್ನ ಬಳಿ ಇಟ್ಟುಕೊಂಡು ಕಾರ್ಯದರ್ಶಿಗೆ ತಲುಪಿಸಿದೆ. ವಾರದ ನಂತರ ಅವರ ಫೋನು ಬಂತು. "ಶೀಲ್ಡಿನ ಮ್ಯಾಲೆ ಆಗ್ಲೇ ಹೆಸರು ಕೆತ್ತಿಸ್ಯಾರೆ ಸಾರ್. ಹುಡುಗನ ಹೆಸರು ಮೇಲಕ್ಕೂ ಹೋಗೈತೆ. ನಿಮ್ಮ ಕಾಗದ ಜೋಪಾನವಾಗಿ ಫೈಲಿಗೆ ಹಾಕೀವಿ." ನಿದ್ದೆಯಲ್ಲಿ ಕೊಟ್ಟ ತೀರ್ಪು ಅರ್ಧ ಗಂಟೆಯಲ್ಲಿ ಜಾರಿಯಾಗಿತ್ತು; ಎಚ್ಚರವಾಗಿದ್ದು ಬರೆದದ್ದಕ್ಕೆ ಕಾನ್‌ಸ್ಟೇಬಲ್ ಇರಲಿಲ್ಲ.

ಹೇಗೆ ಹೇಳುವುದೆಂದು ಹಿಂಜರಿಯುತ್ತಲೇ ತಿಪ್ಪೇಸ್ವಾಮಿ ಮೇಷ್ಟ್ರ ಮೂಲಕ ರೇಣುಕಾಳಿಗೆ ತಿಳಿಸಿದೆ. ಅವಳು ಅಳುತ್ತಾಳೆಂದುಕೊಂಡಿದ್ದರೆ, "ಆ ಕಾಗದದ್ದು ಒಂದು ಜೆರಾಕ್ಸ್ ಕಳಿಸ್ರಿ ಸಾರ್, ಅಪ್ಪಂಗೆ ತೋರ್ಸ್ಬೇಕು" ಎಂದಳು. ಕಳಿಸಿದೆ. ಅವರಪ್ಪ ಎರಡು ಸಲ ಓದಿಸಿ ಕೇಳಿದರಂತೆ. ಮಗಳು ಸೋತಿಲ್ಲ, ತೀರ್ಪು ಕೊಡಲು ಬಂದ ಮೇಷ್ಟ್ರು ಮಲಗಿದ್ದರು ಎಂದು ಖಾತ್ರಿಯಾದ ಮೇಲೆ ಮುಂದಿನ ಸ್ಪರ್ಧೆಗಳಿಗೂ ಹೋಗು ಎಂದರಂತೆ. ಒಂದೇ ಷರತ್ತು: "ಆ ಮೇಷ್ಟ್ರು ಇರೋ ಕಡೀಗೆ ಮಾತ್ರ ಬ್ಯಾಡ."

ಜೆರಾಕ್ಸ್ ಮಾಡಿಸಿ ತಂದ ದಿನ ಮೂಲ ಪತ್ರದ ನನ್ನ ಪ್ರತಿಯನ್ನು ಊಟದ ಮೇಜಿನ ಮೇಲೆ ಬಿಟ್ಟಿದ್ದು ತಪ್ಪಾಯಿತು. ನನ್ನ ಹೆಂಡತಿ ಮಾತಾಡುವಾಗಲೂ ನಾನು ಕಣ್ಣು ಮುಚ್ಚುವುದುಂಟು. ನಿದ್ದೆ ಎಂದು ಅವಳು, ಏಕಾಗ್ರತೆ ಎಂದು ನಾನು. ಮದುವೆಯಾದಾಗಿನಿಂದ ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ಅವಳು ಕನ್ನಡಕ ಹಾಕಿಕೊಂಡು ನನ್ನ ತಪ್ಪೊಪ್ಪಿಗೆಯನ್ನು ಮೊದಲ ಅಕ್ಷರದಿಂದ ಸಹಿಯವರೆಗೆ ನಿಧಾನವಾಗಿ ಓದಿದಳು. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, "ಎಲ್ಲಾ ಸರಿಯಾಗೇ ಐತೆ ರೀ. ಆದ್ರೆ ತಾರೀಖು ಒಂದೇ ದಿನದ್ದು ಹಾಕೀರಲ್ಲ?" ಎಂದಳು.