ಹೆಬ್ಬಾತಿನ ಮೊಟ್ಟೆಯೂ ನನ್ನ ಮೀಸೆಯೂ

ನಾನು ಎಲ್ಲಿ ಕೆಲಸಕ್ಕೆ ನಿಂತರೂ ಎಂಟು ದಿನದೊಳಗೆ ಅಲ್ಲೊಂದು ಪ್ರಸಂಗ ಆಗಿಯೇ ತೀರುತ್ತದೆ. ತಪ್ಪು ನನ್ನದಲ್ಲ. ಬುದ್ಧಿವಂತನೊಬ್ಬ ಒಳಗೆ ಬಂದ ಕೂಡಲೇ ಉಳಿದವರಿಗೆ ಹೊಟ್ಟೆಯುರಿ ಶುರುವಾಗುತ್ತದೆ, ಅಷ್ಟೇ. ಅದಕ್ಕೇ ನಾನು ಯಾರನ್ನೂ ನಂಬುವುದಿಲ್ಲ. ಕೆಜಿಎಫ್‌ನ ಒಂದು ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಹೆಬ್ಬಾತುಗಳ ಸಂತಾನ ತಡೆಯುವ ಕೆಲಸ ಸಿಕ್ಕಿತಲ್ಲ, ಆಗಂತೂ ಒಬ್ಬರನ್ನೂ ನಂಬಲಿಲ್ಲ. ನಂಬಬೇಕಾದವರನ್ನೂ!

೧. ಪಣ

ಕ್ವಾರ್ಟರ್ಸ್ ನಡುವೆ ಒಂದು ಕೊಳ. ಹಿಂದೆ ಯಾರೋ ಸಾಹೇಬರು ಅಂದಕ್ಕೆಂದು ಒಂದು ಜೋಡಿ ಹೆಬ್ಬಾತು ತಂದು ಬಿಟ್ಟರಂತೆ. ಸಾಹೇಬರು ವರ್ಗವಾಗಿ ಹೋದರು, ಹೆಬ್ಬಾತು ಹೋಗಲಿಲ್ಲ. ಹೇಳುವವರು ಕೇಳುವವರಿಲ್ಲದೆ ಕಾಡುಬಿದ್ದು ನಲವತ್ತಾದವು. ಒಂದು ದಿನ ವಾಕಿಂಗ್‌ಗೆ ಬಂದ ಮ್ಯಾನೇಜರನ್ನು ಅಟ್ಟಿಸಿಕೊಂಡು ಹೋಗಿ ಶಟಲ್ ಕೋರ್ಟಿನ ಅಂಪೈರ್ ಕುರ್ಚಿ ಹತ್ತಿಸಿದವು. ಅವರು ಅಲ್ಲಿಂದಲೇ ಫೋನ್ ಮಾಡಿ ಆದೇಶ ಕೊಟ್ಟರು: ಇರೋದನ್ನ ಕೊಲ್ಲಬೇಡಿ, ಹೊಸದು ಹುಟ್ಟಬಾರದು.

ತೋಟದ ಸೂಪರ್‌ವೈಸರ್ ನನ್ನನ್ನು ಕರೆದು ಕೇಳಿದರು: "ಬಾತಿನ ವಿಷಯ ಏನಾದ್ರೂ ಗೊತ್ತೇನಯ್ಯಾ?"

"ಸಾರ್, ಬಂಗಾರಪೇಟೆ ಪಕ್ಕದ ಹಳ್ಳಿಯೋನು ನಾನು. ನಮ್ಮೂರ ಕೆರೇಲಿ ಬಾತುಗಳು ನನ್ನ ಕೇಳಿ ಮೊಟ್ಟೆ ಇಡ್ತಾವೆ."

ಗೇಟಿನ ಸೆಕ್ಯೂರಿಟಿ ತಾತ ಕಿಸಕ್ಕನೆ ನಕ್ಕ. ಗಣಿ ಕೆಲಸದವರ ಮೊಮ್ಮಗ, ಆ ಊರಲ್ಲೇ ನೆಲೆ ನಿಂತ ಮನುಷ್ಯ. "ಪಾಕ್ಕಲಾಂ ತಂಬಿ, ನೋಡಾಣ."

ನನಗೆ ರೇಗಿತು. ಮೀಸೆ ಹುರಿ ಮಾಡಿದೆ. ಎರಡು ವರ್ಷ ಬೆಳೆಸಿದ ಮೀಸೆ ಅದು. ನಮ್ಮ ಹೋಬಳಿಯಲ್ಲೇ ಅಂಥದ್ದು ಇನ್ನೊಂದಿಲ್ಲ. "ಈ ಕೊಳದಲ್ಲಿ ಹೊಸ ಹೆಬ್ಬಾತಿನ ಮರಿ ಒಂದು ಕಂಡ್ರೂ ಇದನ್ನ ಬೋಳಿಸ್ತೀನಿ!" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಮರುದಿನ ಬೆಳಿಗ್ಗೆ, ಯಾವತ್ತೂ ನನ್ನ ಕಡೆ ತಿರುಗಿ ನೋಡದ ಕ್ವಾರ್ಟರ್ಸಿನ ಕ್ಷೌರದವನು ಎದ್ದು ನಿಂತು ನಮಸ್ಕಾರ ಹೊಡೆದ.

೨. ಎಣ್ಣೆ

ಮೊಟ್ಟೆ ಕಿತ್ತುಕೊಂಡರೆ ಹೆಬ್ಬಾತು ಮತ್ತೆ ಇಡುತ್ತದೆ. ಎಣ್ಣೆ ಹಚ್ಚಿ ಗೂಡಲ್ಲೇ ಬಿಟ್ಟರೆ ಒಳಕ್ಕೆ ಗಾಳಿ ಹೋಗುವುದಿಲ್ಲ, ಮರಿಯಾಗುವುದಿಲ್ಲ, ತಾಯಿ ಸುಮ್ಮನೆ ಕೂತಿರುತ್ತದೆ. ಇದು ಸೂಪರ್‌ವೈಸರ್ ಹೇಳಿದ ವಿದ್ಯೆ. ಬೆಳಗಾಗುತ್ತಲೇ ಕಡಲೆಕಾಯಿ ಎಣ್ಣೆ ಬಟ್ಟಲು ಹಿಡಿದು ಗೂಡಿಂದ ಗೂಡಿಗೆ ಹೋಗುತ್ತಿದ್ದೆ. ಹಚ್ಚಿದ ಮೊಟ್ಟೆ ಮರೆಯಬಾರದೆಂದು ಕೆಂಪು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದೆ.

ಮೊದಲನೇ ಮಹಡಿಯ ಅಮ್ಮನೊಬ್ಬರು ನೋಡಿದರು. ಗಂಡನಿಗೆ ವರ್ಗವಾಗಿ ಧಾರವಾಡದ ಕಡೆಯಿಂದ ಆಗ ತಾನೇ ಬಂದವರು. "ಯಪ್ಪಾ! ಎಣ್ಣಿ ಹಚ್ಚಿ ಕೆಂಪು ಗೀಟು ಎಳ್ಯಾಕತ್ತಾನ! ಮಾಟ ಮಾಡಾಕತ್ತಾನ ನೋಡ್ರಿ!"

ಹತ್ತು ಗಂಟೆಗೆಲ್ಲ ಮನೆ ಮನೆ ಬಾಗಿಲಲ್ಲೂ ನಿಂಬೆಹಣ್ಣು, ಮೆಣಸಿನಕಾಯಿ. ನಾನೇ ಹೋಗಿ ಕೈಮುಗಿದು ಹೇಳಿದೆ: "ಅಮ್ಮಾ, ಮಾಟ ಅಲ್ಲ. ಮಕ್ಕಳಾಗದಂಗೆ ಮಾಡ್ತಾ ಇದೀನಿ, ಅಷ್ಟೇ."

ಆಯಮ್ಮ ಧಡಾರನೆ ಬಾಗಿಲು ಹಾಕಿಕೊಂಡರು. ಒಳಗಿಂದ ಕೂಗು ಬಂತು: "ಮನಿಯಾಗ ಹೊಸಾ ಸೊಸಿ ಅದಾಳ! ಈ ಕಡಿ ಹಾಯಬ್ಯಾಡ!"

೩. ಹಳದಿ ಕೊಕ್ಕು

ಎಣ್ಣೆ ಹಚ್ಚುವುದು ಬಂದ್ ಆಯಿತು. ನಿಜವಾದ ಮೊಟ್ಟೆ ಇಟ್ಟ ಕೂಡಲೇ ಎತ್ತಿ, ಆ ಜಾಗದಲ್ಲಿ ಪ್ಲಾಸ್ಟರ್ ಮೊಟ್ಟೆ ಇಡು ಎಂದು ಸೂಪರ್‌ವೈಸರ್ ಹೊಸ ಆದೇಶ ಕೊಟ್ಟರು. "ಎತ್ತಿದ್ದು ಏನ್ಮಾಡ್ಲಿ ಸಾರ್?" ಅಂದರೆ, "ನನ್ನ ಕಣ್ಣಿಗೆ ಕಾಣಬಾರದು" ಅಂದರು. ಬಂಗಾರಪೇಟೆ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವ ನಮ್ಮವ್ವ ಭಾನುವಾರ ಸ್ಟೇಷನ್ ಬಾಗಿಲಿಗೆ ಊಟದ ಗಂಟು ತರುತ್ತಿದ್ದಳು. ನಾನು ಪಂಪ್‌ಹೌಸ್ ರೂಮಿನಲ್ಲಿ ವಾಸ, ಊರಿಗೆ ಹೋಗಲು ರಜೆಯಿಲ್ಲ. ಮೊಟ್ಟೆ ಚೀಲ ಅವಳ ಕೈಗೆ ಕೊಟ್ಟು, "ಸಾರಿಗೆ ಆಕ್ಕೊಳವ್ವಾ" ಎಂದು ವಾಪಸ್ ರೈಲಿಗೆ ಓಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ರಸ್ತೆಯಲ್ಲಿ ಗಲಾಟೆ. ಸ್ಕೂಲ್ ಬಸ್ಸು ನಿಂತಿದೆ. ಅದರ ಮುಂದೆ ತಾಯಿ ಬಾತು, ಹಿಂದೆ ಸಾಲಾಗಿ ಒಂಬತ್ತು ಮರಿ. ಕ್ಷೌರದವನು ಟವಲ್ ಕೊಡವುತ್ತಾ ಓಡಿ ಬರುತ್ತಿದ್ದಾನೆ.

"ಇದು ಹೆಬ್ಬಾತಲ್ಲ ಕಣ್ರೀ, ಕಾಡುಬಾತು! ಹಾರಿ ಬಂದು ಮರಿ ಮಾಡಿರೋದು! ಕೊಕ್ಕಿನ ತುದಿ ನೋಡ್ರಿ, ಹಳದಿ!" ಎಂದು ಕಿರುಚಿದೆ.

"ಬಾತು ಬಾತೇ ತಂಬಿ" ಎಂದ ತಾತ.

ಫಾರೆಸ್ಟ್ ಗಾರ್ಡನ್ನು ಕರೆಸಿದೆ. ಆತ ಕೊಕ್ಕು ನೋಡಿ, "ಹುಡುಗ ಹೇಳಿದ್ದು ಸರಿ, ಕಾಡುಬಾತೇ" ಎಂದ. ನಾನು ಮೀಸೆ ತಿರುವಿದೆ. ಆತ ಮುಂದುವರಿಸಿದ: "ಇದರ ಮೊಟ್ಟೆ ಮುಟ್ಟಿದ್ರೆ ಕೇಸಾಗುತ್ತೆ. ಇಲ್ಲಿ ಗೂಡಿಗೆ ಕೈ ಹಾಕೋರು ಯಾರಾದ್ರೂ ಇದಾರಾ?"

ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯವರು ಅವತ್ತು ಒಂದೇ ಮಾತಾಡಿದರು. ಬಾಯಲ್ಲಿ ಅಲ್ಲ, ಬೆರಳಲ್ಲಿ. ಅಷ್ಟೂ ಬೆರಳು ನನ್ನ ಕಡೆಗೇ ಇದ್ದವು.

೪. ಬುಟ್ಟಿ

ಆರು ವಾರ ಕಳೆದಿರಬೇಕು. ಒಂದು ಸೋಮವಾರ ನೋಡುತ್ತೇನೆ, ದೊಡ್ಡ ಹೆಬ್ಬಾತುಗಳ ನಡುವೆ ಹಳದಿ ತುಪ್ಪಳದ ಮೂರು ಮರಿ! ಈ ಸಲ ಅಸಲಿ ಹೆಬ್ಬಾತಿನದೇ. ಗೂಡು ಗೂಡೂ ಜಾಲಾಡಿದೆ. ನನ್ನ ಪ್ಲಾಸ್ಟರ್ ಮೊಟ್ಟೆ ಇಟ್ಟಲ್ಲೇ ಇದ್ದವು, ಒಂದೂ ಬಿರುಕು ಬಿಟ್ಟಿರಲಿಲ್ಲ.

"ಇದು ಪಿತೂರಿ ಸಾರ್. ಯಾರೋ ಹೊರಗಿಂದ ತಂದು ಬಿಡ್ತಾವ್ರೆ."

"ಒಂದು ವಾರ ಟೈಮು. ಹಿಡಿದು ತೋರಿಸು, ಇಲ್ಲ ಬೋಳಿಸು" ಎಂದರು ಸೂಪರ್‌ವೈಸರ್.

ನನಗೆ ಎಲ್ಲರ ಮೇಲೂ ಅನುಮಾನ. ಕ್ಷೌರದವನ ಮೇಲೆ ಒಂದು ಗುಂಜಿ ಜಾಸ್ತಿ. ಆದರೆ ಆ ಭಾನುವಾರ ಬಂಗಾರಪೇಟೆಯಿಂದ ಕೆಜಿಎಫ್‌ಗೆ ವಾಪಸ್ ಬರುವ ಮಾರಿಕುಪ್ಪಂ ರೈಲಿನಲ್ಲಿ ಎದುರು ಸೀಟಿಗೆ ತಾತ ಬಂದು ಕೂತ. ತೊಡೆಯ ಮೇಲೆ ಟವಲ್ ಮುಚ್ಚಿದ ಬುಟ್ಟಿ. ಬುಟ್ಟಿ ಮಾತಾಡುತ್ತಿತ್ತು.

"ಏನ್ ತಾತಾ ಅದು?"

"ಕೋಳಿ ಮರಿ ತಂಬಿ."

"ಕೋಳಿ ಮರಿಗೆ ಇಷ್ಟು ದಪ್ಪ ಗಂಟಲಾ?"

"ನೆಗಡಿ ಆಗಿದೆ." ತಾತ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಅದಿರಲಿ, ವಾರ ವಾರ ಹೋಗೋವಾಗ ಮಡಿಲಲ್ಲಿ ಒಂದು ಚೀಲ ಮಡಗಿಕೊಂಡು ಹೋಗ್ತೀಯಲ್ಲ, ಅದೇನು?"

"ಕೊಳೆ ಬಟ್ಟೆ."

"ಹೌದಾ? ರೈಲು ಕುಲುಕಿದ್ರೆ ನಿನ್ನ ಬಟ್ಟೆ ಒಡೆದು ಹೋಗುತ್ತಾ?"

ಅಲ್ಲಿಂದ ಮಾರಿಕುಪ್ಪಂವರೆಗೆ ಅವನು ಆ ಕಿಟಕಿ, ನಾನು ಈ ಕಿಟಕಿ. ಬುಟ್ಟಿಯೊಂದೇ ಮಾತಾಡಿದ್ದು.

೫. ಗಿರಾಕಿ

ಒಂದು ವಾರದ ಗಡುವನ್ನು ಕಾಡಿ ಬೇಡಿ ಎರಡು ಮಾಡಿಸಿಕೊಂಡೆ. ಮುಂದಿನ ಭಾನುವಾರ ಅವ್ವನಿಗೆ ಮೊಟ್ಟೆ ಕೊಟ್ಟೆ, ವಾಪಸ್ ರೈಲು ಹತ್ತಲಿಲ್ಲ. ಖಾಲಿ ಬುಟ್ಟಿ ಹಿಡಿದು ರೈಲಿಳಿದ ತಾತ ಸ್ಟೇಷನ್ನಿನಲ್ಲಿ ಟೀ ಕುಡಿದು ಮಾರ್ಕೆಟ್ ಕಡೆ ನಡೆದ. ನಾನು ಟೊಮೆಟೊ ಕ್ರೇಟುಗಳ ಮರೆಯಲ್ಲಿ ಹಿಂದೆ ಹಿಂದೆಯೇ. ಅವನು ಸೊಪ್ಪಿನವರ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತ. ಮಾರುವವಳ ಮುಖ ಅವನ ಬೆನ್ನಿಗೆ ಮರೆ. ಬುಟ್ಟಿಗೆ ಒಂದು, ಎರಡು, ಮೂರು ಮರಿ ಬಿದ್ದವು.

ನಾನು ಹಾರಿ ನಿಂತೆ. "ಸಿಕ್ಕಾಕ್ಕೊಂಡ್ಯಾ ತಾತಾ! ಯಾವ ಕಳ್ಳಿ ನಿಂಗೆ ಮರಿ ಮಾರೋಳು?"

ಕಳ್ಳಿ ತಲೆ ಎತ್ತಿದಳು. "ಯಾರ್ಲಾ ಕಳ್ಳಿ?"

ನಮ್ಮವ್ವ!

"ಸಾರಿಗೆ ಆಕ್ಕೊ ಅಂದಿದ್ನಲ್ಲವ್ವಾ!"

"ಮರಿ ಆಗೋ ಮೊಟ್ಟೇನ ಯಾರಾನ ಬೇಯಿಸ್ತಾರೇನ್ಲಾ? ಮೂರು ಹೇಂಟೆ ಕಾವಿಗೆ ಕೂತಿದ್ವು, ಅವುಕ್ಕೆ ಮಡಗ್ದೆ. ಇವ್ರು ನಮ್ಮ ಖಾಯಂ ಗಿರಾಕಿ ಕಣ್ಲಾ. ಮರ್ವಾದಸ್ತರು."

ತಾತ ತಲೆ ಕೆರೆದುಕೊಂಡ. "ಬಾತು ಕಮ್ಮಿ ಆದ್ರೆ ಗೇಟಲ್ಲಿ ನಾನು ಎದ್ದಿರಬೇಕಲ್ಲ ತಂಬಿ. ಅವು ಕೂಗಿದ್ರೆ ತಾನೇ ನನಗೆ ಎಚ್ಚರ?"

ಅವ್ವನಿಗೆ ಪಣದ ವಿಷಯ ಹೇಳಿದ್ದು ಅವನೇ. ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟು, "ಮಾತು ಕೊಟ್ಟೀಯಾ? ಅಂಗಾದ್ರೆ ನಡಿ" ಎಂದು ಎದುರಿನ ಅಂಗಡಿ ತೋರಿಸಿದಳು. ನಮ್ಮ ಕ್ಷೌರದವನಿಗೆ ಆ ಸುಖ ಕೊಡಬಾರದೆಂದು ಬಂಗಾರಪೇಟೆಯಲ್ಲೇ ಬೋಳಿಸಿಕೊಂಡೆ.

ಅವತ್ತು ಅವ್ವನ ಜೊತೆ ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ಮುಖ ಮುಚ್ಚಿಕೊಳ್ಳದೆ, ಎದೆ ಸೆಟೆಸಿಯೇ ಗೇಟಿಗೆ ಬಂದೆ. ದಿನಾ ನನ್ನನ್ನು ಕಂಡರೆ ಸುಮ್ಮನಿರುತ್ತಿದ್ದ ಹೆಬ್ಬಾತುಗಳು ಕತ್ತು ಚಾಚಿಕೊಂಡು ನುಗ್ಗಿ ಬಂದು ಸರಳುಗಳ ಸಂದಿಯಿಂದ ಕುಕ್ಕತೊಡಗಿದವು. ಎಲ್ಲಕ್ಕಿಂತ ಮುಂದೆ, ನಮ್ಮವ್ವ ಸಾಕಿದ ಮರಿಗಳು.

ತಾತ ಕಣ್ಣುಜ್ಜಿಕೊಂಡು ಎದ್ದು ಬಂದ. "ಯಾರಪ್ಪಾ ನೀನು? ಕಾರ್ಡ್ ತೋರ್ಸು."

ತೋರಿಸಿದೆ. ಫೋಟೋ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. "ಇದ್ರಲ್ಲಿ ಮೀಸೆ ಇದೆ. ಇದು ನೀನಲ್ಲ."

"ತಾತಾ, ನಿನ್ನೆ ಮಾರ್ಕೆಟ್‌ನಲ್ಲಿ ನಮ್ಮವ್ವನ ಹತ್ರ ಮರಿ ತಗೊಂಡ್ಯಲ್ಲಾ!"

"ಆಯಮ್ಮನ ಮಗನ್ನ ನಾನು ಚೆನ್ನಾಗಿ ಬಲ್ಲೆ ತಂಬಿ" ಎಂದು ತಾತ ಕಾರ್ಡನ್ನು ತನ್ನ ಜೇಬಿಗೆ ಹಾಕಿಕೊಂಡ. "ಒಂದು ಮರಿ ಕಂಡ್ರೂ ಬೋಳಿಸ್ತೀನಿ ಅಂತ ಇದೇ ಗೇಟಲ್ಲಿ ಕೂಗಿದ್ದ. ಹನ್ನೆರಡು ಮರಿ ತಂದು ಬಿಟ್ಟಿದೀನಿ, ಅವನು ಇನ್ನೂ ಬೋಳಿಸಿಲ್ಲ."