ಮೊಹರಿಗೊಂದು ಎಂಜಿನ್

ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತೂವರೆ. ಸೊರಬದ ಒಂದು ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪಿವಿಸಿ ಪೈಪುಗಳ ನಡುವೆ, ರೈಲ್ವೆ ಎಂಜಿನ್ ಅಭಿಮಾನಿಗಳ ನಮ್ಮ ಬಳಗ ಉದಯಿಸಿತು. ಸೊರಬಕ್ಕೆ ರೈಲಿಲ್ಲ. ಶಿಕಾರಿಪುರಕ್ಕೆ ಹಳಿಯ ಕೆಲಸ ನಡೆದಿದೆ, ರೈಲು ಇನ್ನೂ ಬಂದಿಲ್ಲ. ಗುಡವಿಯ ಕೆರೆಯ ದಡದಲ್ಲಿ ದುರ್ಬೀನು ಹಿಡಿದು ಕುಳಿತವರಿಗೆ ಹಕ್ಕಿಗಳಾದರೂ ಬರುತ್ತವೆ. ನಮಗೆ ಏನೂ ಬರುವುದಿಲ್ಲ. ಇಂಥ ಸೀಮೆಯಲ್ಲಿ ರೈಲಿನ ಅಭಿಮಾನ ಇಟ್ಟುಕೊಂಡವರು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ವಿಳಾಸ ಕೇಳಿಕೊಂಡು ಮನೆಗೇ ಬರುತ್ತದೆ.

ಒಂದು, ಒಂದು, ಒಂದು

ಬಳಗದ ಸದಸ್ಯರು ಮೂವರು. ಶಿಕಾರಿಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನಾನು, ಅಧ್ಯಕ್ಷೆ. ಶಿಕಾರಿಪುರದಿಂದ ಬಸ್ಸಿನಲ್ಲಿ ಬರುವ ನಿವೃತ್ತ ಹೆಡ್‌ಮಾಸ್ತರರು, ಕಾರ್ಯದರ್ಶಿ. ಕೋಣೆಯೂ ಕುರ್ಚಿಗಳೂ ಹಾರ್ಡ್‌ವೇರ್ ಅಂಗಡಿಯ ಯಜಮಾನರವಾದ್ದರಿಂದ ಅವರು ಖಜಾಂಚಿ.

ಮೊಹರಿಲ್ಲದ ಸಂಘವನ್ನು ಸಂಘವೆಂದು ನಾವೇ ಒಪ್ಪುವವರಲ್ಲ. ಮೊಹರು ಎಂದ ಮೇಲೆ ನಡುವೆ ಎಂಜಿನ್ನಿನ ಚಿತ್ರ ಬೇಕು. ಒಂದು ಮೊಹರಿನಲ್ಲಿ ಒಂದೇ ಎಂಜಿನ್ ಹಿಡಿಯುತ್ತದೆ ಎಂದು ಮೊಹರು ಮಾಡುವವನು ಮೊದಲೇ ಹೇಳಿದ್ದ. ಯಾವ ಎಂಜಿನ್?

"ಎಂಜಿನ್ ಅಂದ್ರೆ ಉಗಿ ಎಂಜಿನ್ ರೀ ಮೇಡಂ. ಅದು ಉಸಿರಾಡ್ತೈತಿ. ನಿಮ್ಮ ಡೀಸೆಲ್ ಬರೇ ಕೆಮ್ಮತೈತಿ," ಎಂದರು ಮಾಸ್ತರರು.

"ಅಂದ್ರೆ ಎರಡಕ್ಕೂ ಡಾಕ್ಟ್ರು ಬೇಕು ಅಂತಾಯ್ತು, ಅಲ್ದಾ?" ಎಂದರು ಅಂಗಡಿಯ ಯಜಮಾನರು. "ನಮ್ಮ ಕರೆಂಟ್ ಎಂಜಿನ್ನಿಗೆ ಉಸಿರೂ ಇಲ್ಲ, ಕೆಮ್ಮೂ ಇಲ್ಲ. ಒಂದು ಸ್ವಿಚ್ ಒತ್ತಿದ್ರೆ ಆರು ಸಾವಿರ ಕುದುರೆ ಒಟ್ಟಿಗೇ ಎದ್ದು ನಿಲ್ತಾವೆ ಮಾರಾಯ್ರೆ."

ಅಷ್ಟರಲ್ಲಿ ಕರೆಂಟ್ ಹೋಯಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಮಾಸ್ತರರು ಮೇಲೆ ನೋಡಿ, "ಕುದುರಿ ಮಲಗಿದವು ನೋಡ್ರಿ," ಎಂದರು.

ನಾನು ಡೀಸೆಲ್ ಪಕ್ಷ. ಮೌಲ್ಯಮಾಪನಕ್ಕೆಂದು ಹೋಗುವಾಗ ಬೀರೂರು ಜಂಕ್ಷನ್ನಿನಲ್ಲಿ ನಿಂತಲ್ಲೇ ಗುಡುಗುತ್ತಿದ್ದ ಹಳೆಯ ಡೀಸೆಲ್ ಎಂಜಿನ್ನಿನ ನಾದ ನನ್ನ ಎದೆಗೂಡಿನಲ್ಲಿ ಮರುದನಿಗೊಡುತ್ತಿತ್ತು. ಅನುರಣನೆಯ ಪಾಠವನ್ನು ನಾನು ಪುಸ್ತಕ ನೋಡಿ ಮಾಡಿದವಳಲ್ಲ. ಆದ್ದರಿಂದ ಸಭೆಗೆ ಸ್ಪಷ್ಟವಾಗಿ ತಿಳಿಸಿದೆ: "ಮೊಹರಿನಲ್ಲಿ ಡೀಸೆಲ್ ಎಂಜಿನ್ ಬಾರದಿದ್ದರೆ ನಾನು ಈ ಕುರ್ಚಿಯಲ್ಲಿ ಕೂರುವುದಿಲ್ಲ."

ಮತಕ್ಕೆ ಹಾಕಿದೆವು. ಒಂದು, ಒಂದು, ಒಂದು. ನಾಲ್ಕು ಭಾನುವಾರ ಇದೇ ಫಲಿತಾಂಶ ಬಂತು. ಪ್ರತಿ ಸಲವೂ ಮತದಾನ ಗುಪ್ತವಾಗಿರಬೇಕೆಂದು ಮಾಸ್ತರರು ಹಟ ಹಿಡಿಯುತ್ತಿದ್ದರು.

ನಾಲ್ಕನೆಯ ಮತ

ಐದನೆಯ ಭಾನುವಾರ ಶಿಕಾರಿಪುರದ ಕಡೆಯ ರೈತರೊಬ್ಬರು ಪಹಣಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

"ರೈಲಿನೋರು ಅಂದ್ರೆ ನೀವೇ ಏನ್ರಿ? ನನ್ನ ಸರ್ವೆ ನಂಬರ್ ಹಳಿಗೆ ಹೋಗ್ತತೋ ಉಳೀತತೋ, ಅಷ್ಟು ನೋಡಿ ಹೇಳ್ರಿ."

ನಾವು ರೈಲು ತರುವವರಲ್ಲ ಎಂದು ವಿವರಿಸಿದೆ.

"ತಡೆಯೋರು?"

"ಅವರೂ ಅಲ್ಲ."

"ಮತ್ತೆ ಏನ್ ಮಾಡ್ತೀರಿ?"

"ಎಂಜಿನ್ನುಗಳನ್ನು ಮೆಚ್ಚುತ್ತೇವೆ."

ಅವರು ಒಳಗೆ ಬಂದು ಕುಳಿತರು. "ಮೆಚ್ಚಿ?" ಎಂದು ಕೇಳಿದರು.

ಮಾಸ್ತರರಿಗೆ ತಟ್ಟನೆ ಹೊಳೆಯಿತು: ಪಕ್ಷಪಾತವಿಲ್ಲದ ನಾಲ್ಕನೆಯ ಮತ ತಾನಾಗಿ ನಡೆದುಕೊಂಡು ಬಂದಿದೆ! ಚಹಾ ತರಿಸಲಾಯಿತು. ಮೂರೂ ಬಗೆಯ ಎಂಜಿನ್ನುಗಳ ಗುಣದೋಷಗಳನ್ನು ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ನಲವತ್ತು ನಿಮಿಷ, ನಿಷ್ಪಕ್ಷಪಾತವಾಗಿ ವಿವರಿಸಿದೆ. ಡೀಸೆಲ್ಲಿಗೆ ಮೂವತ್ತು ನಿಮಿಷ ಹಿಡಿಯಿತು.

ರೈತರು ಗಮನವಿಟ್ಟು ಕೇಳಿದರು. ಚಹಾ ಮುಗಿಸಿದರು. ಪಹಣಿ ಮಡಿಸಿ ಜೇಬಿಗೆ ಇಟ್ಟುಕೊಂಡರು.

"ನನ್ನ ಓಟು ಟ್ರ್ಯಾಕ್ಟರಿಗೆ. ಅದಕ್ಕೆ ಹಳಿ ಬ್ಯಾಡ."

ಒಂದು, ಒಂದು, ಒಂದು, ಒಂದು.

ಕಿವಿಯ ಪರೀಕ್ಷೆ

ಕಣ್ಣು ಮುಚ್ಚಿಕೊಂಡು ನಾದದಿಂದಲೇ ಎಂಜಿನ್ನಿನ ಜಾತಿ ಹೇಳಬಲ್ಲೆನೆಂದು ನಾನೊಮ್ಮೆ ಹೇಳಿದ್ದುಂಟು. ಹೇಳಬಾರದಿತ್ತು. ಮುಂದಿನ ವಾರವೇ ಅಂಗಡಿಯ ಯಜಮಾನರು ಮೊಬೈಲಿನಲ್ಲಿ ಒಂದು ಸದ್ದು ಹಿಡಿದುಕೊಂಡು ನಮ್ಮ ಮನೆಗೆ ಬಂದರು, ಸಾಕ್ಷಿಗೆ ಮಾಸ್ತರರನ್ನೂ ಕರೆತಂದಿದ್ದರು.

"ಎಂತ ಎಂಜಿನ್ ಹೇಳಿ ಮೇಡಂ. ಸರಿ ಹೇಳಿದ್ರೆ ನನ್ನ ಓಟು ಡೀಸೆಲ್ಲಿಗೆ."

ಗೆಲುವು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಕಣ್ಣು ಮುಚ್ಚಿದೆ. ಆಳವಾದ, ತುಸು ಒಡೆದ, ಗಂಭೀರ ಗುಡುಗು. ಅನುಮಾನಕ್ಕೆ ಆಸ್ಪದವೇ ಇರಲಿಲ್ಲ.

"ಹಳೆಯ ಡೀಸೆಲ್. ಹದಿನಾರು ಸಿಲಿಂಡರು. ನಿಲ್ದಾಣದಲ್ಲಿ ನಿಂತಿದೆ. ಒಂದು ಸಿಲಿಂಡರು ಮಾತ್ರ ಜಡವಾಗಿದೆ."

"ತಾಳಗುಂದದಲ್ಲಿ ಮೆಕ್ಕೆಜೋಳ ಒಕ್ಕೋ ಮಷಿನ್ನು," ಎಂದರು ಯಜಮಾನರು.

ಮಾಸ್ತರರು ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ನಾನು ಏನೂ ಆಗದವಳಂತೆ ಕಾಫಿ ತರಲು ಒಳಗೆ ಹೋದೆ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ಬೆಳಿಗ್ಗೆ ಆ ಯಂತ್ರದ ಮಾಲೀಕ ಗೇಟಿನ ಬಳಿ ನಿಂತಿದ್ದ. "ಮಷಿನ್ನಿನ ಒಳಗೆ ಒಂದು ಕಡೆ ಜಡ ಐತಿ ಅಂದ್ರಂತಲ್ಲ ಮೇಡಂ, ನಿಜ ಆತು. ಬಿಚ್ಚಿ ನೋಡಿದ್ವಿ. ನಮ್ಮ ಮಾವನ ಪಂಪ್‌ಸೆಟ್ಟೂ ಒಂದು ಐತಿ, ಫೋನು ಹಚ್ಚಲೇನ್ರಿ, ಕೇಳ್ತೀರಾ?"

ಬೀಳ್ಕೊಡುಗೆ

ಆ ಹೊತ್ತಿಗೆ ತಾಳಗುಪ್ಪದ ಮಾರ್ಗಕ್ಕೆ ವಿದ್ಯುತ್ ತಂತಿ ಬಂದು ಅಲ್ಲಿ ಡೀಸೆಲ್ ಎಂಜಿನ್ನುಗಳ ದಿನ ಮುಗಿಯುತ್ತ ಬಂದಿದೆ ಎಂಬ ಸುದ್ದಿ ಬಂತು. ನಮ್ಮಲ್ಲಿ ಯಾರೇ ನಿವೃತ್ತರಾಗಲಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಭಾಷಣ ಇದ್ದೇ ಇರುತ್ತದೆ. ಇಷ್ಟು ವರ್ಷ ದುಡಿದ ಎಂಜಿನ್ನಿಗೆ ಅದನ್ನು ನಿರಾಕರಿಸುವುದು ನ್ಯಾಯವಲ್ಲವೆಂದು ಸಭೆಯಲ್ಲಿ ವಾದಿಸಿದೆ. ಒಳಗಿನ ಲೆಕ್ಕಾಚಾರ ಬೇರೆಯಿತ್ತು. ಆ ಗುಡುಗನ್ನು ಹತ್ತು ಹೆಜ್ಜೆ ದೂರದಲ್ಲಿ ನಿಂತು ಕೇಳಿದ ಮೇಲೆ ಈ ಇಬ್ಬರಲ್ಲಿ ಒಬ್ಬರಾದರೂ ಬದಲಾಗದೆ ಇರಲಾರರು. ಮೊಹರು ನನ್ನದಾಗುತ್ತದೆ, ಕುರ್ಚಿ ಉಳಿಯುತ್ತದೆ.

ಶಾಲು ಮಾಸ್ತರರು ತಂದರು. "ನನಗೆ ಹೊದಿಸಿದ್ದು ಹದಿನೇಳು ಅದಾವ್ರಿ. ಒಂದು ಎಂಜಿನ್ನಿಗೆ ಹೋಗ್ಲಿ."

ತಾಳಗುಪ್ಪ ಹಳಿಯ ಕೊನೆ. ಅಲ್ಲಿ ಎಂಜಿನ್ನನ್ನು ಬಿಚ್ಚಿ ರೈಲಿನ ಇನ್ನೊಂದು ತುದಿಗೆ ಜೋಡಿಸಬೇಕು. ರೈಲು ಬಂದು ನಿಂತಿತು. ಚಾಲಕರು ಇಳಿದರು, ಹಿಂದೆಯೇ ಸಹಾಯಕ ಚಾಲಕಿ, ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ನಾವು ಶಾಲು ಹಾರಗಳೊಂದಿಗೆ ಮುಂದೆ ಹೋದೆವು. ಚಾಲಕರು ವಿನಯದಿಂದ ತಲೆ ಬಾಗಿಸಿದರು.

"ಕ್ಷಮಿಸಿ, ಇದು ತಮಗಲ್ಲ," ಎಂದೆ.

"ಮತ್ತೆ ಯಾರಿಗೆ ಮೇಡಂ?"

"ಎಂಜಿನ್ನಿಗೆ."

ಅವರು ಎಂಜಿನ್ನನ್ನು ನೋಡಿದರು, ನನ್ನನ್ನು ನೋಡಿದರು. "ಕುತ್ತಿಗೆ ಯಾವ ಕಡೆ ಅಂತ ತೋರಿಸಿ. ನಾನೂ ಒಂದು ಕೈ ಹಿಡೀತೀನಿ."

ಶಾಲು ಎಂಜಿನ್ನಿನ ಮುಂದಿನ ಕೈಕಂಬಿಗೆ ಬಿತ್ತು. ನಾಲ್ಕು ಪುಟದ ಬಿನ್ನವತ್ತಳೆ ತೆರೆದು ನಾನು ಎಂಜಿನ್ನಿಗೆ ಎದುರಾಗಿ ನಿಂತು ಓದತೊಡಗಿದೆ. ಜನ ಸೇರಿದರು. ಒಬ್ಬ ಹೆಂಗಸು ಮಾಸ್ತರರ ಬಳಿ ಮೆಲ್ಲಗೆ, "ಯಾರು ಹೋಗಿದ್ದು?" ಎಂದಳು.

"ಇನ್ನೂ ಹೋಗಿಲ್ಲಮ್ಮ. ಹೊಗಳಿ ಮುಗಿದ ಮ್ಯಾಲೆ ಹೋಗ್ತೈತಿ."

ನನ್ನ ಗಮನ ಸಹಾಯಕ ಚಾಲಕಿಯ ಕಡೆಗಿತ್ತು. ಎರಡನೆಯ ಪುಟಕ್ಕೆ ಆಕೆ ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸತೊಡಗಿದ್ದಳು. ಮೂರನೆಯದಕ್ಕೆ ತುಟಿ ಕಚ್ಚಿಕೊಂಡಳು, ಕಣ್ಣಂಚು ಒದ್ದೆಯಾಯಿತು. ಮೂವತ್ತು ವರ್ಷ ತರಗತಿಯಲ್ಲಿ ಯಾರನ್ನೂ ಹೀಗೆ ಕಲಕಿರಲಿಲ್ಲ. ಉತ್ಸಾಹ ಬಂದು, ಬರಹದಲ್ಲಿ ಇಲ್ಲದಿದ್ದ ಅನುರಣನೆಯ ತತ್ತ್ವವನ್ನೂ ಸೇರಿಸಿ, ನಿಧಾನವಾಗಿ ಬಿಡಿಸಿ ಹೇಳಿದೆ.

ಕೊನೆಗೆ, ನನ್ನ ಇಬ್ಬರು ವಿರೋಧಿಗಳಿಗೂ ಕೇಳಿಸುವಂತೆ, ಆಕೆಯ ಕಡೆ ತಿರುಗಿದೆ. "ಎಂಜಿನ್ನಿನೊಳಗೇ ದುಡಿಯುವವಳು ನೀನು. ನೀನೇ ಹೇಳಮ್ಮ. ನಿನಗೆ ಎಲ್ಲಕ್ಕಿಂತ ಇಷ್ಟವಾದ ಎಂಜಿನ್ ಯಾವುದು?"

"ಶೌಚಾಲಯ ಇರೋದು ಮೇಡಂ," ಎಂದಳು ಆಕೆ, ಒಂದೇ ಉಸಿರಿಗೆ. "ಇದರಲ್ಲಿ ಇಲ್ಲ. ಹೊಸ ಕರೆಂಟ್ ಎಂಜಿನ್ ಕೆಲವದರಲ್ಲಿ ಇಟ್ಟಿದಾರೆ. ಶಿವಮೊಗ್ಗ ಬಿಟ್ಟಾಗಿಂದ ತಡ್ಕೊಂಡಿದೀನಿ. ಹೋಗ್ಲಾ?"

ಉತ್ತರಕ್ಕೆ ಕಾಯದೆ ನಿಲ್ದಾಣದ ಕಟ್ಟಡದ ಕಡೆ ಓಡಿದಳು. ಆಕೆಗಿದ್ದ ಬಿಡುವೇ ಹತ್ತು ನಿಮಿಷ. ಅಷ್ಟನ್ನೂ ನಾನು ಓದಿ ಮುಗಿಸಿದ್ದೆ.

"ನನ್ನದೂ ಅದೇ ಉತ್ತರ, ಬರ್ಕೊಳ್ಳಿ," ಎಂದರು ಚಾಲಕರು.

ಎಂಜಿನ್ ಗುಡುಗುತ್ತಲೇ ಇತ್ತು. ಮಾಸ್ತರರು ಅದಕ್ಕೆ ಹೊದಿಸಿದ ಶಾಲನ್ನು ಸರಿಪಡಿಸುತ್ತ, "ಉಗಿ ಎಂಜಿನ್ನಿನಾಗೂ ಇರಲಿಲ್ಲ ರೀ. ಇಷ್ಟು ವರ್ಷ ನನಗದು ತಲೀಗೇ ಬರಲಿಲ್ಲ," ಎಂದರು. ಗೆದ್ದಿದ್ದ ಅಂಗಡಿಯ ಯಜಮಾನರು ಮಾತ್ರ ಬೇರೆಯೇ ಚಿಂತೆಯಲ್ಲಿದ್ದರು.

"ಅಲ್ಲ ಮೇಡಂ, ಮೊಹರಿನ ಚಿತ್ರದಲ್ಲಿ ಶೌಚಾಲಯ ತೋರ್ಸೋದು ಹ್ಯಾಂಗೆ? ಹೊರಗಿಂದ ಕಾಣೋದೇ ಇಲ್ವಲ್ಲ!"

"ಬಾಗಿಲು ತೆರೆದ ಹಾಗೆ ಬಿಡಿಸಲು ಹೇಳಿ," ಎಂದೆ.

"ತೆರೆದಿದ್ರೆ ಹೋಗೋದು ಹ್ಯಾಂಗೆ ಮೇಡಂ?"

ಅಂದು ಸಂಜೆ ನನ್ನ ಮತವನ್ನು ವಿದ್ಯುತ್ ಎಂಜಿನ್ನಿಗೆ ಹಾಕಿ, ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಬರೆದುಕೊಟ್ಟೆ.