ಬಾಡಿಗೆ ಬಾಕಿಗೆ ಕಟ್ಟಿದ ಮುಡುಪು

ಚೌಡಯ್ಯ ಬಾಡಿಗೆ ಮುಳುಗಿಸಿ ಹೋದ ಎಂದು ನಮ್ಮ ಬೀದಿಯಲ್ಲಿ ಇವತ್ತಿಗೂ ಒಂದಿಬ್ಬರು ಹೇಳುತ್ತಾರೆ. ಹಾಗೆ ಹೇಳಿಕೊಟ್ಟವಳು ನಾನೇ. ಅದು ಸುಳ್ಳು. ನಡೆದದ್ದು ಇಷ್ಟೆ: ನನ್ನ ಮಗಳ ಧಾರೆ ಸೀರೆಯನ್ನು ಒಳಗಿಟ್ಟು ನಾನೇ ಬೀಗ ಜಡಿದೆ. ಆಮೇಲೆ ಆ ಬೀಗದ ಕೈಯನ್ನು ನಾನೇ ಮುಟ್ಟದ ಹಾಗೆ ಮಾಡಿಕೊಂಡೆ. ಎರಡಕ್ಕೂ ಬೇರೆಯವರ ಸಹಾಯ ಬೇಕಾಗಲಿಲ್ಲ!

ನಮ್ಮೂರು ಕೊಳ್ಳೇಗಾಲ ಮದರಾಸು ರಾಜ್ಯದ ಕೈ ಬಿಟ್ಟು ಮೈಸೂರಿಗೆ ಸೇರಿ ಎಂಟೊಂಬತ್ತು ವರ್ಷವಾಗಿತ್ತು. ನಮ್ಮ ಮನೆಯ ಹಿಂದುಗಡೆ ನಮ್ಮದೇ ಒಂದು ಸಣ್ಣ ಹೆಂಚಿನ ಮನೆ. ಅದರಲ್ಲಿ ನೇಯ್ಗೆಯ ಚೌಡಯ್ಯ, ಅವನ ಹೆಂಡತಿ ಸಾವಿತ್ರಮ್ಮ ಆರು ವರ್ಷದಿಂದ ಬಾಡಿಗೆಗಿದ್ದರು. ತಿಂಗಳಿಗೆ ಹತ್ತು ರೂಪಾಯಿ. ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ್ದ. ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಸಂಜೆಯವರೆಗೂ ಸೀರೆ ಸಾಹುಕಾರರ ರೇಷ್ಮೆ ನೇಯುತ್ತಿದ್ದ. ಮಗ್ಗದ ಸದ್ದು ಬಿಟ್ಟರೆ ಅವನಿಂದ ಏನೂ ತೊಂದರೆಯಿರಲಿಲ್ಲ.

ತೊಂದರೆ ಬಂದದ್ದು ಸೂರಿನಿಂದ.

"ಅವ್ವಾ, ಮಗ್ಗದ ಮ್ಯಾಲ ಸೋರ್ತದ. ರೇಷ್ಮ ನೆಂದ್ರ ಸಾವ್ಕಾರ ನನ್ ಚರ್ಮ ಸುಲೀತಾನ" ಎಂದು ಮೂರು ಸಲ ಬಂದು ಹೇಳಿದ. ಮೂರನೆಯ ಸಲ ನಾನು ರಾಗಿ ಕೇರುತ್ತಿದ್ದೆ. ಕಣ್ಣಿಗೆ ದೂಳು ಬಿದ್ದಿತ್ತು.

"ಅಷ್ಟು ಅರ್ಜೆಂಟಾದ್ರ ನೀನೇ ಹಾಕುಸ್ಕೊ ಓಗು!" ಎಂದೆ.

ಹಾಕಿಸಿಕೊಂಡ! ಮಗ್ಗದ ಮೇಲ್ಭಾಗಕ್ಕೆ ಹೊಸ ಹೆಂಚು, ಹೊಸ ಮರ. ಆಮೇಲೆ ಐದು ತಿಂಗಳು ಬಾಡಿಗೆ ಕೊಡಲಿಲ್ಲ. ಕೇಳಿದರೆ, "ಹೆಂಚಿಗ ಸರಿಯೋಯ್ತಲ್ಲವ್ವ" ಎಂದ.

"ಹಾಕುಸ್ಕೊ ಅಂದೆ. ನನ್ ಲೆಕ್ಕದಲ್ಲಿ ಹಾಕುಸ್ಕೊ ಅಂದ್ನೇನ್ಲಾ?"

"ನಿಮ್ಮ ಮನ ಸೂರು ನನ್ ಲೆಕ್ಕಕ್ಕ ಎಂಗವ್ವ ಬಂದದು?"

ಉತ್ತರವಿಲ್ಲದಾಗ ನಾನು ದನಿ ಎತ್ತುತ್ತೇನೆ. ಎತ್ತಿದೆ. ಅವನು ಒಂದು ಸೋಮವಾರ ಗಾಡಿ ತಂದು, ಪಾತ್ರೆಪಗಡ ಹೇರಿಕೊಂಡು ಎರಡು ಬೀದಿ ಆಚೆ ಬೇರೆ ಮನೆಗೆ ಹೋದ. ಮಗ್ಗ ಮಾತ್ರ ನಮ್ಮಲ್ಲೇ ಉಳಿಯಿತು.

"ಸೀರ ಅರ್ಧ ಆಗದ ಕನವ್ವ. ಧಾರ ಸೀರ. ನಡುವ ಮಗ್ಗದಿಂದ ಇಳುಸ್ಬಾರ್ದು. ದಿನಾ ಬಂದು ನೇಯ್ತೀನಿ. ಮುಗುದ ಮ್ಯಾಲ ಮಗ್ಗ ಕಿತ್ಕಂಡು ಓಯ್ತೀನಿ."

ನಾನು ತಲೆಯಾಡಿಸಿದೆ. ಗಾಡಿ ಬೀದಿ ತಿರುಗಿದ್ದೇ ತಡ, ಕೊಟ್ಟಿಗೆಯ ದೊಡ್ಡ ಬೀಗ ತಂದು ಬಾಗಿಲಿಗೆ ಜಡಿದೆ. ಮೆದುಳು ಎಂಬುದು ನನಗೆ ಇದೆ ಎಂದು ಆವತ್ತು ಬಹಳ ಹೆಮ್ಮೆಯಾಯಿತು.

ಮಾರನೆಯ ದಿನ ಚೌಡಯ್ಯ ಬಂದು ಬೀಗ ನೋಡಿ ನಿಂತುಬಿಟ್ಟ. "ಬೀಗ ತಗೀರವ್ವ. ಯಾವುದೋ ಹೆಣ್ ಮಗೀನ ಧಾರ ಅದು."

"ಯಾವಳ ಧಾರ ಆದ್ರ ನಂಗೇನ್ಲಾ! ಬಾಕಿ ಬರೋಗಂಟ ಆ ಮದುವ ನಿಂತೋಗ್ಲಿ!"

ಇಡೀ ಬೀದಿಗೆ ಕೇಳಲಿ ಎಂದೇ ಕೂಗಿದೆ. ಕೇಳಿತು. ಜಗುಲಿಯಲ್ಲಿ ನನ್ನ ಮಗಳು ಸುಂದ್ರಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ಮದುವೆಯ ಅಕ್ಕಿ. ಇನ್ನು ಇಪ್ಪತ್ತು ದಿನವಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಮ್ಮ ಯಜಮಾನರ ಮನಸ್ಸು ಬೆಣ್ಣೆ. ನಾನಿಲ್ಲದಾಗ ಬೀಗದ ಕೈ ಸಿಕ್ಕಿದರೆ ತೆಗೆದುಕೊಟ್ಟುಬಿಡುತ್ತಾರೆ. ಅದಕ್ಕೆ ಬೀಗದ ಕೈಯನ್ನು ಅರಿಶಿನದ ಬಟ್ಟೆಯಲ್ಲಿಟ್ಟು ಮುಡುಪು ಕಟ್ಟಿದೆ. ನಮ್ಮ ಕಡೆ ಮುಡುಪು ಎಂದರೆ ಆಟವಲ್ಲ. ಬೆಟ್ಟದ ಮಾದಪ್ಪನ ಹೆಸರು ಹೇಳಿ ಗಂಟು ಹಾಕಿದರೆ, ಕೇಳಿಕೊಂಡದ್ದು ನಡೆಯುವ ತನಕ ಬಿಚ್ಚುವಂತಿಲ್ಲ. ಬಿಚ್ಚಿದವರ ಮನೆಯಲ್ಲಿ ಶುಭಕಾರ್ಯ ನಡೆಯುವುದಿಲ್ಲ ಎನ್ನುತ್ತಾರೆ. "ಮಾದಪ್ಪ, ಚೌಡಯ್ಯನ ಬಾಡಿಗೆ ನನ್ನ ಕೈಗೆ ಬರುವವರೆಗೆ ಈ ಗಂಟು ಬಿಚ್ಚಲ್ಲ" ಎಂದು ತೊಲೆಗೆ ನೇತುಹಾಕಿದೆ.

ಯಜಮಾನರು ಕತ್ತೆತ್ತಿ ನೋಡಿದರು. "ಲೇ, ಮಾದಪ್ಪನ್ನೂ ಬಾಡಿಗ ವಸೂಲಿಗ ಇಟ್ಕಂಡ್ಯಾ?"

"ನಿಮ್ಮ ಕೈಲಿ ಆಗ್ದಿದ್ರ ಇನ್ಯಾರ್ನ ಇಟ್ಕಳ್ಳಿ?" ಎಂದೆ.

ಸಾಹುಕಾರರ ಗುಮಾಸ್ತ ಬಂದು ಕೈಮುಗಿದ. "ಯಳಂದೂರ್ನೋರ ಸೀರ ತಾಯಿ, ತಡ ಆಯ್ತದ" ಎಂದ. ನಮ್ಮ ಸುಂದ್ರಿಯನ್ನು ಕೊಡುತ್ತಿದ್ದದ್ದೂ ಯಳಂದೂರಿಗೇ. ಧಾರೆ ಸೀರೆ ತರುವುದು ಗಂಡಿನ ಕಡೆಯವರೇ. ಇವೆರಡೂ ನನಗೆ ಗೊತ್ತಿತ್ತು. ಗೊತ್ತಿದ್ದರೆ ಸಾಕೇ? "ಯಳಂದೂರಾದ್ರೇನು, ಮದರಾಸಾದ್ರೇನು, ನಡಿಯಪ್ಪ!" ಎಂದು ಅಟ್ಟಿದೆ. ಆಮೇಲೆ ಎರಡು ದಿನ ಜೋರು ಮಳೆ ಬಂತು.

ಒಂಬತ್ತನೆಯ ದಿನ ಮಧ್ಯಾಹ್ನದ ಬಸ್ಸಿಗೆ ಗಂಡಿನ ತಾಯಿ ಮಾದೇವಮ್ಮ ಬಂದಿಳಿದಳು. ದಪ್ಪ ಹೆಂಗಸು, ಕೋಪ ಇನ್ನೂ ದಪ್ಪ. ಕಾಲು ತೊಳೆಯುವ ಮೊದಲೇ ಶುರು.

"ಅಕ್ಕಾ, ಸುಂದ್ರಿ ಸೀರ ಅರ್ಧಕ್ಕ ನಿಂತೋಗದಂತ! ನೇಯೋನಿದ್ದ ಮನ ಒಡತಿ ಯಾವಳೋ ರಾಕ್ಸಿ ಬೀಗ ಹಾಕ್ಬುಟ್ಟವಳಂತ!"

"ಅಯ್ಯೋ ಶಿವನೇ, ಎಂಥಾ ಎಂಗ್ಸೂ ಇರ್ತಾರ!" ಎಂದೆ. ಮನಸಾರೆ ಅಂದೆ.

"ಮದುವ ನಿಂತೋಗ್ಲಿ ಅಂತ ಬೀದೀಲಿ ನಿಂತ್ಕಂಡು ಶಾಪ ಹಾಕುದ್ಲಂತ!"

"ಅಂಥೋಳ ನಾಲ್ಗ ಸೇದೋಗ!"

"ಸುಮ್ನ ಬುಡ್ಬಾರ್ದು ಕನಕ್ಕ. ಉಂಡ್ಕಂಡು ಇಬ್ರೂ ಓಗವ. ನೇಯೋನ ಎಸ್ರು ಚೌಡಯ್ಯ ಅಂತ."

ಸೌಟು ನನ್ನ ಕೈಯಲ್ಲೇ ನಿಂತಿತು.

ಕಂಬಕ್ಕೊರಗಿದ್ದ ಯಜಮಾನರು ಮೊದಲು ತೊಲೆಯ ಮೇಲಿನ ಹಳದಿ ಗಂಟು ನೋಡಿದರು. ಸುಂದ್ರಿಯೂ ನೋಡಿದಳು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಮ್ಮ ಸಂಸಾರದಲ್ಲಿ ಅಷ್ಟು ಒಗ್ಗಟ್ಟು ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬರಲಿಲ್ಲ.

ಬೀಗಿತ್ತಿಯ ಎಲೆಗೆ ಒಂದು ಮುದ್ದೆಯ ಜಾಗಕ್ಕೆ ಎರಡು ಹಾಕಿ ಅಡುಗೆಮನೆಗೆ ಓಡಿದೆ. ಸುಂದ್ರಿ ಹಿಂದೆಯೇ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನನ್ನ ಮದುವ ನಿಂತೋಗ್ಲಿ ಅಂದ್ಯಲ್ಲವ್ವ."

"ನಿಂದು ಅಂತ ಗೊತ್ತಿತ್ತಾ?"

"ಬ್ಯಾರೇರ್ದಾಗಿದ್ರ ಅನ್ಬೋದಾಗಿತ್ತಾ?"

ಈ ಸಲ ದನಿ ಎತ್ತುವ ಹಾಗೂ ಇರಲಿಲ್ಲ. ಹೊರಗೆ ಬೀಗಿತ್ತಿ ಉಣ್ಣುತ್ತಿದ್ದಳು.

ಗಂಟು ಬಿಚ್ಚಿದರೆ ಮಾದಪ್ಪ ಮುನಿಯುತ್ತಾನೆ, ಮದುವೆಗೆ ಕೇಡು. ಬಿಚ್ಚದಿದ್ದರೆ ಸೀರೆಯಿಲ್ಲ, ಅದರ ಮೇಲೆ ಈ ಬೀಗಿತ್ತಿ. ಬೀಗ ಒಡೆಯೋಣವೆಂದರೆ ಅದು ಇನ್ನೂ ದೊಡ್ಡ ಮೋಸ, ದೇವರಿಗೆ ಕಣ್ಣಿಲ್ಲವೇ? ಒಂದೇ ದಾರಿ. ಬಾಡಿಗೆ ಬರಬೇಕು. ಯಾರ ದುಡ್ಡು ಎಂದು ಮಾದಪ್ಪನಿಗೆ ನಾನು ಹೇಳಿರಲಿಲ್ಲ. ಬಳೆಗೆಂದು ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಐವತ್ತು ರೂಪಾಯಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದ ಓಡಿದೆ.

ಚೌಡಯ್ಯ ಕೆಲಸವಿಲ್ಲದೆ ಹೊಸ ಮನೆಯ ಹೊಸಿಲಲ್ಲಿ ಕೂತಿದ್ದ.

"ತಕೊ ಚೌಡಯ್ಯ, ಐವತ್ತು."

"ಯಾಕವ್ವ?"

"ನೀನು ನಂಗ ಬಾಡಿಗ ಕೊಡಕ!"

ಅವನು ನನ್ನ ಮುಖ ನೋಡಿದ. ಬಿಸಿಲು ನೆತ್ತಿಗೇರಿದೆ ಎಂದುಕೊಂಡಿರಬೇಕು. ಬಾಯಿ ಬಿಟ್ಟು ಎಲ್ಲ ಹೇಳಿದೆ. ಕೇಳಿ ಕೈ ಹಿಂದಕ್ಕೆ ಕಟ್ಟಿಕೊಂಡ.

"ಇಲ್ದಿದ್ದ ಬಾಕಿ ಯಾಕವ್ವ ಕೊಡ್ಲಿ? ಇವತ್ತು ಕೊಟ್ರ, ಮುಳುಗ್ಸಿದ್ದೋನು ಸಿಕ್ಕಾಕಂಡ ಅಂತದ ಊರು."

"ದುಡ್ಡು ನಂದು ಕನಪ್ಪ!"

"ಎಸ್ರು ನಂದು ಕನವ್ವ."

ಬಾಡಿಗೆ ಕೊಡು ಎಂದು ಐದು ತಿಂಗಳು ಬೈದಿದ್ದೆ. ಈಗ ಬಾಡಿಗೆ ಕೊಡಪ್ಪ ಎಂದು, ನನ್ನದೇ ದುಡ್ಡು ಹಿಡಿದು, ಗಲ್ಲ ಹಿಡಿದು ಬೇಡುತ್ತಿದ್ದೆ! ಒಳಗಿನಿಂದ ಸಾವಿತ್ರಮ್ಮ ಬಂದಳು. ಆರು ವರ್ಷದಲ್ಲಿ ಅವಳು ನನ್ನ ಮುಂದೆ ಬಾಯಿ ಬಿಟ್ಟದ್ದು ಕಡಿಮೆ. ಕೂಡಿಟ್ಟಿದ್ದಳು.

"ಬೈದಾಗ ಬೀದಿಗೆಲ್ಲ ಕೇಳುಸ್ತಲ್ಲವ್ವ, ಇದೂ ಕೇಳುಸ್ಲಿ. ಆ ಬಾಗ್ಲ ಮುಂದ ನಿಂತ್ಕಂಡು, ಹೆಂಚಿನ ದುಡ್ಡು ಅಂತ ಬಾಯ್ಬುಟ್ಟು ಹೇಳಿ ನಮ್ಗ ಕೊಡಿ. ಆಮ್ಯಾಕ ಬಾಡಿಗ ಅಂತ ನಾವು ನಿಮ್ಗ ಕೊಡ್ತೀವಿ."

ಮೂವರೂ ಬೀಗದ ಮನೆಗೆ ನಡೆದೆವು, ಬೀದಿಯವರು ಕರೆಯದೆ ಬಂದರು. ಅದೇ ಬಾಗಿಲ ಮುಂದೆ ನಿಂತು, "ಇದು ಚೌಡಯ್ಯ ನಮ್ಮ ಸೂರಿಗ ಹಾಕ್ಸಿದ ಹೆಂಚಿನ ದುಡ್ಡು" ಎಂದೆ. ಮೆಲ್ಲಗೆ ಅಂದೆ.

"ಕೇಳುಸ್ನಿಲ್ಲ" ಎಂದಳು ಸಾವಿತ್ರಮ್ಮ.

ಮತ್ತೆ ಅಂದೆ. ಈ ಸಲ ಎಲ್ಲರಿಗೂ ಕೇಳಿಸಿತು. ಕೈ ತೊಳೆದುಕೊಂಡು ಬಂದು ಜನರ ನಡುವೆ ನಿಂತಿದ್ದ ಬೀಗಿತ್ತಿಗೂ ಕೇಳಿಸಿತು! ನೋಟು ಚೌಡಯ್ಯನ ಕೈಗೆ ಹೋಯಿತು. ಅವನು, "ಇದು ಐದು ತಿಂಗಳ ಬಾಡಿಗ" ಎಂದು ಹಿಂದಕ್ಕೆ ಕೊಟ್ಟ. ನೋಟಿನ ಬಿಸಿ ಕೂಡ ಆರಿರಲಿಲ್ಲ. ಹೆಂಚಿಗೆ ಬಾಡಿಗೆ ಸರಿಹೋಯಿತು. ಐದು ತಿಂಗಳಿಂದ ಅವನು ಹೇಳುತ್ತಿದ್ದದ್ದೂ ಇಷ್ಟೇ.

ಯಜಮಾನರು ಮುಡುಪನ್ನು ಎರಡು ಕೈಯಲ್ಲಿ ಹಿಡಿದು ತಂದರು. ಉಗುರು ಹಾಕಿ ಅವಸರ ಅವಸರವಾಗಿ ಬಿಚ್ಚಿದೆ. ಎರಡು ದಿನ ಮಳೆ ಸುರಿದಿತ್ತು, ಒಳಗೆ ಸೀರೆಯಿತ್ತು.

ಬಾಗಿಲು ತೆಗೆದರೆ ನಡುಮನೆಯಲ್ಲಿ ನೀರು. ಒಲೆಯಲ್ಲಿ ನೀರು. ಗೋಡೆ ಬುಡದಲ್ಲಿ ನೀರು. ನಾನು ನೋಡಿಕೊಳ್ಳಬೇಕಾಗಿದ್ದ ಹೆಂಚಿನ ಕೆಳಗೆಲ್ಲ ನೀರೇ. ಚೌಡಯ್ಯ ಹಾಕಿಸಿದ ಹೊಸ ಹೆಂಚಿನ ಕೆಳಗೆ ಮಗ್ಗ ಒಣಗಿ ನಿಂತಿತ್ತು. ಮೇಲೆ ಮುಚ್ಚಿದ್ದ ಹಳೇ ಪಂಚೆ ಸರಿಸಿದ. ಕುಂಕುಮದ ಬಣ್ಣ, ಜರಿ ಅಂಚು. ಒಂದು ಹನಿ ಬಿದ್ದಿರಲಿಲ್ಲ. ಸುಂದ್ರಿ ಆಗ ಅತ್ತಳು.

"ಇನ್ನೆಷ್ಟು ದಿನ ಆಯ್ತದಪ್ಪ?" ಎಂದಳು ಬೀಗಿತ್ತಿ.

"ಎಂಟು ದಿನ ಸಾಕು ತಾಯಿ. ಧಾರಗ ಮೊದ್ಲೇ ಕೊಡ್ತೀನಿ."

ಬೀಗಿತ್ತಿ ನನ್ನ ಕಡೆ ತಿರುಗಿದಳು. ರಾಕ್ಷಸಿ ಯಾರೆಂದು ಈಗ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮದುವೆ ಮುರಿಯಿತು ಎಂದುಕೊಂಡೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣು ಒಳ್ಳೇದು, ಕರ್ಕಂಡು ಓಯ್ತೀವಿ. ನೀವು ನಮ್ಮ ಹಟ್ಟಿಗ ಬನ್ನಿ, ಉಣ್ಣಿ, ನಾಕು ದಿನ ಇರಿ. ಬೀಗದ ಕೈ ಮಾತ್ರ ನಿಮ್ ಕೈಗ ಕೊಡಕಿಲ್ಲ" ಎಂದಳು. ಬೀದಿ ನಕ್ಕಿತು. ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೋಗಿ ಆ ಮನೆಯ ನೀರು ಬಳಿದು ಹಾಕಿದೆ. ಸಾವಿತ್ರಮ್ಮ ರಾಟೆ ತಂದಿಟ್ಟಳು, ಚೌಡಯ್ಯ ಮಗ್ಗಕ್ಕೆ ಕೂತ. ನೂಲು ಬೇಗ ಬೇಗ ಸಿಗಲಿ ಎಂದು ಸಾವಿತ್ರಮ್ಮನ ರಾಟೆಯ ಮುಂದೆ ಕೂತು ನಾನೂ ಲಾಳಿಯೊಳಗಿಡುವ ಕಂಡಿಕೆಗೆ ರೇಷ್ಮೆ ಸುತ್ತತೊಡಗಿದೆ. ಮೂರು ಸುತ್ತಿಗೆ ನಾಲ್ಕು ಸಲ ಎಳೆ ಕಿತ್ತುಹೋಯಿತು.

"ಎದ್ದು ಆಚ ಕೂತ್ಕಳಿ ಅವ್ವ. ನೂಲು ಸಾವ್ಕಾರುರ್ದು" ಎಂದಳು ಸಾವಿತ್ರಮ್ಮ.

ಮನೆ ನನ್ನದು. ಎದ್ದು ಹೊಸಿಲಾಚೆ ಕೂತೆ.